ಸಿದ್ರಾಮಪ್ಪ ತಿದ್ದಿದ ಕೊನೆಯ ಅಧ್ಯಾಯ

ರೋಣದ ಕಡೆಯ ಸಿದ್ರಾಮಪ್ಪ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದ. ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಕೆಲಸಕ್ಕೆ ಸೇರಿದವನು ಯಲಹಂಕದಲ್ಲಿ ಮುನಿಕೃಷ್ಣಪ್ಪನ ಮನೆಯ ಹೊರಕೋಣೆಯನ್ನು ಬಾಡಿಗೆಗೆ ಹಿಡಿದ. ಮುನಿಕೃಷ್ಣಪ್ಪನಿಗೆ ಎರಡೆಕರೆ ದ್ರಾಕ್ಷಿ ತೋಟವಿತ್ತು. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ವಿಧವೆ ಅಕ್ಕ ಸೊಣ್ಣಮ್ಮ ಮನೆ ನೋಡಿಕೊಳ್ಳುತ್ತಿದ್ದಳು.

ಸೆಕೆಂಡ್ ಶಿಫ್ಟ್ ಇದ್ದ ವಾರಗಳಲ್ಲಿ ಸಿದ್ರಾಮಪ್ಪ ಬೆಳಗೆಲ್ಲ ಕೂತು ಕಾದಂಬರಿ ಬರೆಯುತ್ತಿದ್ದ. ಅದನ್ನು ಯಾರಿಂದಲೂ ಮುಚ್ಚಿಟ್ಟವನಲ್ಲ.

"ಏನ್ ಗುರು, ಪುಸ್ತಕ ಎಲ್ಲಿಗ್ ಬಂತು?" ಎಂದು ಕಾರ್ಖಾನೆ ಬಸ್ಸಿನಲ್ಲಿ ಜೊತೆಯವರು ಕೆಣಕಿದರೆ, "ನೀವು ರಿಟೈರ್ ಆಗೋದ್ರಾಗ ಬರ್ತದ ಬಿಡ್ರಿ" ಎನ್ನುತ್ತಿದ್ದ.

ಕತೆ ಒಂದು ಸಣ್ಣ ಊರಿನದು. ಅಲ್ಲಿನ ರೈಲು ನಿಲ್ದಾಣದ ಟಿಕೆಟ್ ಗುಮಾಸ್ತನಿಗೂ ದ್ರಾಕ್ಷಿ ಬೆಳೆಯುವವನೊಬ್ಬನಿಗೂ ಪ್ರೀತಿ ಹುಟ್ಟುತ್ತದೆ. ಇಬ್ಬರೂ ಗಂಡಸರು. ಅದನ್ನು ಸ್ನೇಹವೆಂದು ತೇಲಿಸದೆ, ಪ್ರೀತಿ ಎಂದೇ ಬರೆದಿದ್ದ. ಕೊನೆಯ ಅಧ್ಯಾಯದಲ್ಲಿ ಮಾತ್ರ ಗುಮಾಸ್ತ ವರ್ಗ ಮಾಡಿಸಿಕೊಂಡು ಊರು ಬಿಡುತ್ತಾನೆ. ಇಂಥ ಕತೆ ಬೇರೆ ಥರ ಮುಗಿಯಬಹುದೆಂದು ಸಿದ್ರಾಮಪ್ಪನಿಗೇ ಹೊಳೆದಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ, ಹಸ್ತಪ್ರತಿ ಓದಿದ ಪೇಟೆಯ ಪ್ರಕಾಶಕರೊಬ್ಬರು ಅವನನ್ನು ಕರೆಸಿಕೊಂಡರು.

"ಭಾಷೆ ಸೊಗಸಾಗಿದೆ ಕಣ್ರೀ. ಆ ತೋಟದವನನ್ನ ಹೆಣ್ಣು ಮಾಡ್ಬಿಡಿ, ಮುಂದಿನ ತಿಂಗಳೇ ಅಚ್ಚಿಗೆ ಹಾಕ್ತೀನಿ."

"ಹೆಣ್ಣು ಮಾಡಿದ್ರ ಅದು ಬ್ಯಾರೆ ಕತಿ ಆಗ್ತದರಿ."

"ಬರೀ ಹೆಸರು ಬದಲಾಯಿಸೋದು ತಾನೇ?"

"ಹೆಸರಲ್ಲರಿ, ಆಳು ಬದಲಾಗ್ತಾನ. ನನಗ ಆ ಆಳೇ ಬೇಕು."

ಆಡಿದ ಮಾತು ತನಗೇ ಕೇಳಿಸಿ ಸಿದ್ರಾಮಪ್ಪನ ಕಿವಿ ಬಿಸಿಯಾಯಿತು. ಹಸ್ತಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು, ನಮಸ್ಕಾರ ಹೇಳಿ ಹೊರಬಿದ್ದ.

ನಡೆದದ್ದನ್ನು ಮುನಿಕೃಷ್ಣಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಆತ, "ನಾನು ಓದಿರೋದು ನಾಕನೇ ಕ್ಲಾಸು. ನೀವು ಓದಿ, ಕೇಳಾನ" ಅಂದ.

ಒಂಬತ್ತು ಬೆಳಗು ದ್ರಾಕ್ಷಿ ಚಪ್ಪರದ ಕೆಳಗೆ ಓದು ನಡೆಯಿತು. ಒಂದೆರಡು ಬಳ್ಳಿಸಾಲು ಆಚೆ ಸೊಣ್ಣಮ್ಮ ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದಳು. ಗುಮಾಸ್ತ ಮೊದಲ ಸಲ ತೋಟದವನ ಕೈ ಹಿಡಿಯುವ ಕಡೆ ಸಿದ್ರಾಮಪ್ಪನ ದನಿ ಒಂದಿಷ್ಟೂ ತಗ್ಗಲಿಲ್ಲ. ಮುನಿಕೃಷ್ಣಪ್ಪ ನೆಲ ನೋಡುತ್ತ ಕೇಳಿದ. ಪೂರ್ತಿ ಮುಗಿದ ಮೇಲೆ ಆತನೇ ಮಾತೆತ್ತಿದ.

"ಎರಡು ತಪ್ಪವೆ."

"ಹೇಳ್ರಿ."

"ಬಳ್ಳಿ ಸವರಿದ ತಿಂಗ್ಳಿಗೇ ದ್ರಾಕ್ಷಿ ಅಣ್ಣಾಯ್ತು ಅಂತ ಬರ್ದಿದೀರ. ನಾಕು ತಿಂಗ್ಳು ಬೇಕು."

"ಇನ್ನೊಂದು?"

"ಆ ಗುಮಾಸ್ತ ಯಾಕೆ ಊರು ಬಿಟ್ಟು ಓಗ್ಬೇಕು? ಯಾರು ಓಡಿಸಿದ್ರು ಅವನ್ನ?" ಮುನಿಕೃಷ್ಣಪ್ಪ ತಲೆಯೆತ್ತಿ ನೋಡಿದ. "ನೀನು ಓಗ್ತೀಯಾ?"

ಏಳು ವರ್ಷದಲ್ಲಿ ಆತ ಒಮ್ಮೆಯೂ ನೀನು ಅಂದಿರಲಿಲ್ಲ.

"ಇಲ್ಲ," ಅಂದ ಸಿದ್ರಾಮಪ್ಪ. "ನಾ ಎಲ್ಲಿಗೂ ಹೋಗಂಗಿಲ್ಲ."

ಆ ವಾರವೇ ಕೊನೆಯ ಅಧ್ಯಾಯವನ್ನು ಹರಿದುಹಾಕಿ ಹೊಸದಾಗಿ ಬರೆದ. ಅದರಲ್ಲಿ ವರ್ಗದ ಆದೇಶ ಬರುತ್ತದೆ, ಗುಮಾಸ್ತ ಕೆಲಸಕ್ಕೆ ರಾಜೀನಾಮೆ ಕೊಟ್ಟು ಊರಲ್ಲೇ ಉಳಿಯುತ್ತಾನೆ. ಇತ್ತ ಸೊಣ್ಣಮ್ಮ, ತಮ್ಮನಿಗೆ ಹೆಣ್ಣು ತೋರಿಸಲು ಬಂದ ದಲ್ಲಾಳಿಗೆ ಮಜ್ಜಿಗೆ ಕೊಟ್ಟು, "ಇನ್ಮೇಲೆ ಈ ಕಡೆ ಬರೋ ಶ್ರಮ ಬ್ಯಾಡ ಕಣಪ್ಪ" ಎಂದು ಸಾಗಹಾಕಿದಳು. ಅಂದು ಮಧ್ಯಾಹ್ನ ಹೊರಕೋಣೆಯ ಬಾಗಿಲಿಗೆ ಬಂದು, "ಸಿದ್ರಾಮಪ್ಪ, ಊಟಕ್ಕೆ ಒಳೀಕ್ ಬಾ. ಮುದ್ದೆ ಆರೋಯ್ತದೆ" ಅಂದಳು. ಅದರಾಚೆ ಅವಳು ಆ ವಿಷಯ ಎತ್ತಲೇ ಇಲ್ಲ.

ಯಶವಂತಪುರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಅಕ್ಬರ್ ಪಾಷಾ ಪುಸ್ತಕವನ್ನು ಮುದ್ರಿಸಲು ಒಪ್ಪಿಕೊಂಡ. ಹದಿನೈದು ದಿನಕ್ಕೆ ಅವನದೇ ದೂರು ಬಂತು: "ಏನ್ ಬರ್ದಿದೀರಾ ಸ್ವಾಮಿ! ಅಚ್ಚಿನ ಮೊಳೆ ಜೋಡ್ಸೋವ್ನು ಮುಂದೇನಾಗುತ್ತೆ ಅಂತ ಓದ್ತಾ ಕೂತ್ಬಿಡ್ತಾನೆ. ಕೆಲ್ಸಾನೇ ಸಾಗ್ತಿಲ್ಲ."

ಸಿದ್ರಾಮಪ್ಪನಿಗೆ ಅದಕ್ಕಿಂತ ದೊಡ್ಡ ವಿಮರ್ಶೆ ಬೇಕಿರಲಿಲ್ಲ.

ಎಂಬತ್ತರಲ್ಲಿ ಐನೂರು ಪ್ರತಿ ಹೊರಬಂತು. ಬಸ್ಸಿನಲ್ಲಿ ದಿನವೂ ಪಕ್ಕ ಕೂರುತ್ತಿದ್ದ ಗುರುಪಾದಪ್ಪ ಬೇರೆ ಸೀಟು ನೋಡಿಕೊಂಡ. ನೋವಾಯಿತು, ಊರ ಕಡೆಯ ಮಾತಾಡಲು ಅವನೊಬ್ಬನೇ ಇದ್ದ. ಆದರೆ ಸಿದ್ರಾಮಪ್ಪ ಬಸ್ಸು ಬದಲಾಯಿಸಲಿಲ್ಲ. ಯಲಹಂಕದ ಬಾಡಿಗೆ ಪುಸ್ತಕದಂಗಡಿಯಲ್ಲಿ ಮಾತ್ರ ಆ ಪುಸ್ತಕ ಕಪಾಟಿನಲ್ಲಿ ನಿಂತದ್ದೇ ಇಲ್ಲ. ತೆಗೆದುಕೊಂಡು ಹೋದವರು ಹೆಸರು ಬರೆಸುವಾಗ ಅತ್ತಿತ್ತ ನೋಡುತ್ತಿದ್ದರು, ಅಷ್ಟೇ.

ಎಂಬತ್ಮೂರರ ಒಂದು ಭಾನುವಾರ ಚಿಕ್ಕಜಾಲದಿಂದ ನಲವತ್ತರ ಆಸುಪಾಸಿನ ಒಬ್ಬಾತ ಸೈಕಲ್ ತುಳಿದುಕೊಂಡು ಬಂದ. ತೋಟದ ಗೇಟಿನಲ್ಲಿ ಬೆವರು ಒರೆಸುತ್ತ ನಿಂತು, ಪುಸ್ತಕ ಬರೆದವರು ಇಲ್ಲೇ ಇದ್ದಾರಾ, ಆ ಇಬ್ಬರು ನಿಜವಾಗಿಯೂ ಒಟ್ಟಿಗೆ ಉಳಿದರಾ ಎಂದು ವಿಚಾರಿಸಿದ.

ಮುನಿಕೃಷ್ಣಪ್ಪ ಸೈಕಲ್ಲನ್ನು ತಾನೇ ಹಿಡಿದು ನೆರಳಿಗೆ ನಿಲ್ಲಿಸಿದ.

"ಅಗೋ, ಆ ಕೊನೆ ಸಾಲಾಗೆ ಔಷ್ದಿ ಒಡೀತಾವ್ನೆ. ಓಗಿ ನೀವೇ ಕೇಳಿ. ಊಟ ಮಾಡ್ಕೊಂಡೇ ಓಗ್ಬೇಕು ಮತ್ತೆ."

ಆತ ಊಟ ಮಾಡಿ, ಸಂಜೆವರೆಗೂ ಮಾತಾಡುತ್ತ ಕೂತಿದ್ದು ಹೋದ.