ಲಕ್ಕವಳ್ಳಿ ಹಿನ್ನೀರಿನಲ್ಲಿ ಒಬ್ಬಳೇ

ನಮ್ಮಣ್ಣ ನೌಕಾಪಡೆಯಿಂದ ನಿವೃತ್ತನಾಗಿ ತರೀಕೆರೆಗೆ ಬಂದು ನೆಲೆಸಿದ ಮೇಲೆ ಪ್ಲೈವುಡ್ಡಿನಲ್ಲಿ ಒಂದು ಪುಟ್ಟ ಹಾಯಿದೋಣಿ ಕಟ್ಟಿದ. ಇಬ್ಬರು ಕುಳಿತರೆ ಮೊಣಕಾಲು ತಾಗುವಷ್ಟು ಚಿಕ್ಕದು. ಲಕ್ಕವಳ್ಳಿಯ ಹಿನ್ನೀರಿನ ದಡದಲ್ಲಿ, ಪರಿಚಯದವರ ಶೆಡ್ಡಿನಲ್ಲಿ ಅದನ್ನು ಇಟ್ಟಿದ್ದ. ನೋಡಿಕೊಂಡು ಬರೋಣವೆಂದು ಹೋದವಳು, ನನಗೂ ಕಲಿಸು ಎಂದು ಅಲ್ಲೇ ಹಟ ಹಿಡಿದೆ. ಆಗಲೇ ನನಗೆ ನಲವತ್ತೆಂಟು. ಅಜ್ಜಂಪುರದಲ್ಲಿ ಗಂಡನ ಜೊತೆ ಈರುಳ್ಳಿ ಮಂಡಿ ನೋಡಿಕೊಳ್ಳುವವಳು. ಈಜು ಮಾತ್ರ ಬರುತ್ತಿತ್ತು. ಕಡೂರಿನ ಹತ್ತಿರದ ನಮ್ಮ ತವರಿನ ಬಾವಿಯಲ್ಲಿ ಅಣ್ಣನೇ ಕಲಿಸಿದ್ದ. ದೊಡ್ಡವಳಾದ ಮೇಲೆ ಅವ್ವ ನನ್ನನ್ನು ಬಾವಿಗೆ ಇಳಿಯಗೊಡಲಿಲ್ಲ.

ಭಾನುವಾರ ಬಸ್ಸು ಹತ್ತಿ ತರೀಕೆರೆಗೆ, ಅಲ್ಲಿಂದ ಅಣ್ಣನ ಸ್ಕೂಟರಿನಲ್ಲಿ ಹಿನ್ನೀರಿಗೆ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿಯ ಹಗ್ಗ. ಗಾಳಿಗೆ ಎದುರಾಗಿ ನೆಟ್ಟಗೆ ಹೋಗಲಾಗದು, ಓರೆಯಾಗಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗುತ್ತ ಮುಂದುವರಿಯಬೇಕು. ಬೇಕೆಂದೇ ದೋಣಿ ಮಗುಚಿ ಎತ್ತುವುದನ್ನೂ ಕಲಿಸಿದ. ಆದರೆ ಆಗೆಲ್ಲ ಎತ್ತಲು ಅವನ ಭಾರವೂ ಇರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಯಿ ಏರಿಸಿದವನು ದೋಣಿ ಹತ್ತಲಿಲ್ಲ.

“ಇವತ್ತು ನಾನ್ ಬರಲ್ಲ ಕಣೇ. ಆ ನಡುಗಡ್ಡೆ ಸುತ್ಕೊಂಡ್ ಬಾ” ಎಂದ.

ಲೈಫ್ ಜಾಕೆಟ್ಟಿನ ಪಟ್ಟಿ ಎಳೆದು ನೋಡಿ ದೋಣಿಯನ್ನು ನೀರಿಗೆ ನೂಕಿದ. ಕೆಮ್ಮಣ್ಣುಗುಂಡಿ ಬೆಟ್ಟಗಳ ಕಡೆಯ ಗಾಳಿ ಬೆನ್ನಿಗಿತ್ತು, ಹೋಗುವ ದಾರಿ ಸಲೀಸಾಯಿತು. ಒಬ್ಬಳೇ ಇದ್ದದ್ದರಿಂದ ದೋಣಿ ಹಗುರಾಗಿ ಚಿಮ್ಮುತ್ತಿತ್ತು. ಅಂಚಿನಲ್ಲಿ ನೀರು ಸರಸರನೆ ಸರಿಯುವ ಸದ್ದು ಕೇಳಿ ನಾನೊಬ್ಬಳೇ ನಕ್ಕೆ.

ನಡುಗಡ್ಡೆ ಸುತ್ತಿ ದಡದ ಕಡೆ ಮುಖ ಮಾಡಿದಾಗ ಅದೇ ಗಾಳಿ ಎದುರಾಯಿತು. ಓರೆಯಾಗಿ ಎರಡು ಸಲ ತಿರುಗಿದ್ದೆ. ಮತ್ತೆ ತಿರುಗುವಾಗ ಗಾಳಿ ಒಮ್ಮೆಲೇ ಬಡಿಯಿತು. ಹಗ್ಗ ಸಡಿಲ ಬಿಟ್ಟಿದ್ದರೆ ಸಾಕಿತ್ತು. ಹೆದರಿಕೆಯಲ್ಲಿ ಇನ್ನೂ ಬಿಗಿಯಾಗಿ ಹಿಡಿದೆ. ದೋಣಿ ವಾಲಿತು, ನಾನು ನೀರಿನಲ್ಲಿದ್ದೆ.

ಮೇಲೆ ಬಂದು ಕಣ್ಣುಜ್ಜಿ ನೋಡಿದರೆ ದೋಣಿ ಮಗ್ಗುಲಾಗಿ ಮಲಗಿದೆ, ಹಾಯಿ ನೀರಿನ ಮೇಲೆ ಹಾಸಿಕೊಂಡಿದೆ. ತಳದ ಬದಿಗೆ ಈಜಿ ಹೋಗಿ, ದೋಣಿ ಪಕ್ಕಕ್ಕೆ ಸರಿಯದಂತೆ ತಳದಿಂದ ಚಾಚಿಕೊಂಡಿದ್ದ ಹಲಗೆಗೆ ಜೋತುಬಿದ್ದೆ. ಅರ್ಧ ಎದ್ದ ದೋಣಿ ಮತ್ತೆ ಧೊಪ್ಪನೆ ಮಲಗಿತು. ಇನ್ನೊಮ್ಮೆ ಎಳೆದೆ, ಹಾಗೇ ಆಯಿತು. ತೋಳು ಸೋತು ಸುಮ್ಮನೆ ತೇಲುತ್ತಿದ್ದಾಗ ತಲೆಗೆ ಹೊಳೆಯಿತು: ಮೊದಲು ಮೂತಿಯನ್ನು ಗಾಳಿಯ ಕಡೆ ತಿರುಗಿಸಬೇಕು, ಇಲ್ಲದಿದ್ದರೆ ಏಳುವ ಹಾಯಿಯನ್ನು ಗಾಳಿ ಮತ್ತೆ ಕೆಡವುತ್ತದೆ. ಮೂತಿ ಹಿಡಿದು ಕಾಲು ಬಡಿಯುತ್ತ ನಿಧಾನಕ್ಕೆ ತಿರುಗಿಸಿದೆ. ಆಮೇಲೆ ಹಲಗೆಯ ಮೇಲೆ ಹತ್ತಿ ನಿಂತು, ದೋಣಿಯ ಅಂಚು ಹಿಡಿದು ಇಡೀ ಮೈಯನ್ನು ಹಿಂದಕ್ಕೆ ಒಗೆದೆ. ಹಾಯಿ ನೀರು ಸುರಿಸುತ್ತ ಎದ್ದಿತು. ದೋಣಿ ನೆಟ್ಟಗೆ ನಿಂತಿತು.

ಹೊಟ್ಟೆಯ ಮೇಲೆ ತೆವಳಿ ಒಳಗೆ ಬಿದ್ದು, ಕಟ್ಟಿಟ್ಟಿದ್ದ ಪ್ಲಾಸ್ಟಿಕ್ ಜಗ್ಗಿನಲ್ಲಿ ನೀರು ಮೊಗೆಯತೊಡಗಿದೆ. ಅಷ್ಟರಲ್ಲಿ ಮೀನು ಹಿಡಿಯುವವನೊಬ್ಬ ಜೋರಾಗಿ ಹುಟ್ಟು ಹಾಕುತ್ತ ತೆಪ್ಪದಲ್ಲಿ ಬಂದ. ಅಣ್ಣ ಕೂಗಿ ಕಳಿಸಿದ್ದನಂತೆ.

“ಹಗ್ಗ ಕೊಡ್ರಕ್ಕಾ, ಎಳ್ಕೊಂಡ್ ಹೋಗ್ತೀನಿ” ಎಂದ.

ಕೊಟ್ಟುಬಿಡೋಣ ಅನ್ನಿಸಿತು. ಆದರೆ ದೋಣಿ ಎತ್ತಿದ್ದು ನಾನು.

“ಬ್ಯಾಡ ಕಣಪ್ಪಾ. ನಾನೇ ಬತ್ತೀನಿ.”

ಅವನು ವಾದ ಮಾಡಲಿಲ್ಲ, ಸ್ವಲ್ಪ ದೂರದಲ್ಲಿ ತೆಪ್ಪ ನಿಲ್ಲಿಸಿ ನೋಡುತ್ತ ಕೂತ. ನಾನು ಹಗ್ಗ ಎಳೆದೆ, ಹಾಯಿ ಉಬ್ಬಿತು. ಗಾಳಿ ಬಡಿದಾಗಲೆಲ್ಲ ಹಗ್ಗ ಬಿಟ್ಟು, ತಗ್ಗಿದಾಗ ಎಳೆದುಕೊಂಡು, ಮೈಯನ್ನು ಹೊರಗೆ ವಾಲಿಸುತ್ತ ಬಂದೆ. ಒಂದೊಂದು ತಿರುವು ದಾಟಿದಾಗಲೂ ದಡದ ಮರಗಳು ದೊಡ್ಡವಾಗುತ್ತಿದ್ದವು. ಕೊನೆಯ ತಿರುವಿನ ಹೊತ್ತಿಗೆ ಹೆದರಿಕೆ ಹೋಗಿ, ಮದುವೆಯಾದಾಗಿನಿಂದ ಗಟ್ಟಿಯಾಗಿ ಹಾಡದವಳು ಏನೋ ಹಾಡುತ್ತಿದ್ದೆ.

ಅಣ್ಣ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಅವನ ಮುಖ ಬಿಳಿಚಿತ್ತು. ದೋಣಿಯ ಮೂತಿ ಹಿಡಿದುಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟ. ಟೀ ಕುಡಿದು ಸುಧಾರಿಸಿಕೋ, ಉಳಿದದ್ದು ಮುಂದಿನ ವಾರ ನೋಡೋಣ ಎಂದ.

ನಾನು ಜಡೆಯ ನೀರು ಹಿಂಡಿಕೊಂಡೆ.

“ಟೀ ಆಮೇಲೆ ಕುಡಿಯಾಣ. ಮೂತಿ ಬಿಡಣ್ಣ, ಇನ್ನೊಂದ್ ಸುತ್ತು ಹೋಗ್ಬತ್ತೀನಿ” ಎಂದೆ.

ಅವನು ಬಿಟ್ಟ.