ಅತ್ತೆ ಕೂತರೆ ನಿಲ್ಲುವ ಗಾಳಿ

ನಮ್ಮ ಚಿಕ್ಕಪ್ಪನನ್ನು ಕಾರಿಟ್ಟುಕೊಂಡವರೆಲ್ಲ ‘ಮೀಟರ್ ಮಾಮ’ ಅಂತಲೇ ಕರೆಯುತ್ತಾರೆ. ಕರೆಂಟು ಅಳೆಯುವ ಮೀಟರಿಗೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿರುತ್ತಾರೆ. ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ. ಅದರ ಕೆಂಪು ವೈರಿನ ತುದಿ ತಟ್ಟೆಯಲ್ಲಿ ಅದ್ದಿಕೊಂಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅವರ ಕೆಲಸ ಕಾರಿನ ಎ.ಸಿ. ರಿಪೇರಿ, ಅದರಲ್ಲೂ ಗ್ಯಾಸು ತುಂಬುವುದಲ್ಲ, ಕರೆಂಟಿನ ಕಡೆಯದು. ಫ್ಯೂಸು, ರಿಲೇ, ಸ್ವಿಚ್ಚು, ಬಣ್ಣಬಣ್ಣದ ವೈರುಗಳ ಗೋಜಲು ಇದ್ದರೆ ಅವರಿಗೆ ಹಸಿವೆ ನೀರಡಿಕೆ ಇಲ್ಲ.

ಅವರ ಶೆಡ್ಡಿನಲ್ಲಿ ಎರಡು ಕಾರು ಒತ್ತೊತ್ತಾಗಿ ಹಿಡಿಸುತ್ತವೆ. ಪಕ್ಕದ ಮೂಲೆಯಲ್ಲಿ ಚಿಕ್ಕಮ್ಮ ಹೊಲಿಗೆ ಮೆಷಿನ್ ಇಟ್ಟುಕೊಂಡು ಸೀಟ್ ಕವರ್ ಹೊಲಿಯುತ್ತಾರೆ. ಬಂದ ಗಿರಾಕಿಯ ಕಷ್ಟಸುಖ ಕೇಳುವುದು ಚಿಕ್ಕಮ್ಮ ಮಾತ್ರ. ಚಿಕ್ಕಪ್ಪನಿಗೆ ಅದೆಲ್ಲ ಆಗದು. ಗಿರಾಕಿ ಬಾಯಿ ತೆರೆಯುತ್ತಿದ್ದ ಹಾಗೇ, “ನೀವು ಸ್ವಲ್ಪ ಸುಮ್ನಿರಿ ಸಾರ್, ಕಾರೇ ಹೇಳುತ್ತೆ” ಎಂದು ಬಾನೆಟ್ಟಿನೊಳಗೆ ತಲೆ ತೂರಿಸಿಬಿಡುತ್ತಾರೆ.

ಹೀಗಿರುವಾಗ ಒಂದು ಬೇಸಗೆಯ ದಿನ, ಮುಖ್ಯ ರಸ್ತೆಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಹಲ್ಲಿನ ಡಾಕ್ಟರು ಬೆವರು ಒರೆಸಿಕೊಳ್ಳುತ್ತ ಬಂದರು.

“ಎ.ಸಿ. ಗಾಳಿ ಇದ್ದಕ್ಕಿದ್ದಂಗೆ ನಿಂತುಹೋಗುತ್ತೆ.”

“ಯಾವಾಗ ನಿಲ್ಲುತ್ತೆ?” ಎಂದು ಚಿಕ್ಕಮ್ಮ ಕೇಳಿದರು.

ಡಾಕ್ಟರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ನಮ್ಮತ್ತೆ ಕೂತಾಗ.”

ಬಾನೆಟ್ಟಿನ ಒಳಗಿನಿಂದ ಚಿಕ್ಕಪ್ಪ ನಕ್ಕ ನಗೆಗೆ ಎದುರು ಅಂಗಡಿಯವನು ಎದ್ದು ಬಂದು ಇಣುಕಿದ.

“ನಗಬೇಡಿ ಮಾಮ, ನಾನೊಬ್ನೇ ಹೋದ್ರೆ ತಣ್ಣಗಿರುತ್ತೆ. ಹೆಂಡತಿ ಪಕ್ಕದಲ್ಲಿ ಕೂತ್ರೂ ತಣ್ಣಗಿರುತ್ತೆ. ಅತ್ತೆ ಕೂತ್ರೆ ಎರಡು ಬೀದಿ ದಾಟೋದ್ರೊಳಗೆ ಬಂದ್! ಅವರನ್ನ ಇಳಿಸಿ ವಾಪಸ್ ಬರುವಾಗ ಎಲ್ಲೋ ಒಂದು ಗುಂಡಿಗೆ ಚಕ್ರ ಬಿದ್ರೆ ತಾನಾಗೇ ಶುರು. ನಾನೇ ಗುಟ್ಟಾಗಿ ಆಫ್ ಮಾಡ್ತೀನಿ ಅಂತಾಳೆ ನನ್ನ ಹೆಂಡತಿ, ಅವರಮ್ಮ ನಮ್ಮನೆಗೆ ಬರಬಾರ್ದು ಅಂತ. ಈಗ ನಮ್ಮಿಬ್ಬರಿಗೂ ಮಾತಿಲ್ಲ. ಉಪ್ಪು ಬೇಕಾದ್ರೂ ಮಗಳ ಕೈಲಿ ಕೇಳಿಸಬೇಕು.”

“ಡಾಕ್ಟರೇ, ಕರೆಂಟಿಗೆ ಅತ್ತೆ ಯಾರು, ಸೊಸೆ ಯಾರು? ಅದಕ್ಕೆ ಎಲ್ಲರೂ ಒಂದೇ” ಎಂದು ಚಿಕ್ಕಪ್ಪ ಫ್ಯೂಸಿನ ಡಬ್ಬಿ ತೆರೆದರು.

ಫ್ಯೂಸು ಸರಿಯಾಗಿತ್ತು. ರಿಲೇ ಕಿತ್ತು ಬೇರೆಯದು ಹಾಕಿ ನೋಡಿದರು, ಅದೂ ಸರಿಯಾಗಿತ್ತು. ಗಾಳಿ ಬೀಸುವ ಫ್ಯಾನಿಗೆ ಕರೆಂಟು ಎಷ್ಟು ಬರಬೇಕೋ ಅಷ್ಟೂ ಬರುತ್ತಿತ್ತು. ಅರ್ಧ ದಿನ ಶೆಡ್ಡಿನಲ್ಲೇ ಎ.ಸಿ. ಹಾಕಿ ಬಿಟ್ಟರು. ಚಿಕ್ಕಮ್ಮ ಮೆಷಿನ್ ಬಿಟ್ಟು ಕಾರೊಳಗೆ ಕೂತು ಸೀಟ್ ಕವರಿಗೆ ಗುಂಡಿ ಹೊಲಿಯುವ ಕೆಲಸ ಮುಗಿಸಿಕೊಂಡರು. ಗಾಳಿ ನಿಲ್ಲಲೇ ಇಲ್ಲ. “ಏನೂ ಆಗಿಲ್ಲ, ತಗೊಂಡು ಹೋಗಿ” ಎಂದು ಕಳಿಸಿದರು.

ಮಾರನೆಯ ದಿನವೇ ಕಾರು ವಾಪಸ್ ಬಂತು. ಚಿಕ್ಕಪ್ಪ ಸ್ವಿಚ್ಚು ಬದಲಾಯಿಸಿದರು. ಮತ್ತೆ ಬಂತು. ಗಾಳಿಯ ವೇಗ ಏರಿಳಿಸುವ ಭಾಗವನ್ನೇ ತೆಗೆದು ಹೊಸದು ಹಾಕಿದರು. ಮತ್ತೂ ಬಂತು, ಈ ಸಲ ಡಾಕ್ಟರ ಹೆಂಡತಿಯೂ ಜೊತೆಗೆ ಬಂದಿದ್ದರು. ಇಳಿದವರೇ ಸೊಂಟದ ಮೇಲೆ ಕೈಯಿಟ್ಟು ನೇರ ಚಿಕ್ಕಪ್ಪನನ್ನೇ ಕೇಳಿದರು: “ನಿಜ ಹೇಳಿ. ಇವರಿಗೆ ಕಾರಲ್ಲಿ ಏನಾದ್ರೂ ಕಳ್ಳ ಸ್ವಿಚ್ ಇಟ್ಟುಕೊಟ್ಟಿದ್ದೀರಾ?”

ಅಷ್ಟು ವರ್ಷದ ಕಸುಬಿನಲ್ಲಿ ಚಿಕ್ಕಪ್ಪ ಇಂಥ ಮಾತು ಕೇಳಿರಲಿಲ್ಲ. ಮುಖ ಹುಳ್ಳಗಾಯಿತು. ಕೊರಳಿನ ಮೀಟರನ್ನು ಸುಮ್ಮನೆ ಆನ್ ಮಾಡಿ ಆಫ್ ಮಾಡಿದರು.

ಚಿಕ್ಕಮ್ಮ ಮೆಷಿನ್ ನಿಲ್ಲಿಸಿ ಹೇಳಿದರು: “ಆ ಅಮ್ಮನ್ನೇ ಒಂದ್ಸಲ ಕರೆಸಿ ಕೂರಿಸಿ ನೋಡಬಾರ್ದಾ?”

“ಏನು, ಮೀಟರ್ ಇಟ್ಟು ಅವರನ್ನ ಅಳೀಲಾ?”

“ಕಾರಲ್ಲಿ ಮಿಕ್ಕಿದ್ದನ್ನೆಲ್ಲ ಅಳೆದಾಯ್ತಲ್ಲ.”

ಹೀಗೆ ಅತ್ತೆಯವರು ಬಂದರು. ಸಣ್ಣ ಆಳು, ಕೋಲಿನಂಥ ನೆಟ್ಟಗಿನ ಬೆನ್ನು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. “ಬಸ್ಸಲ್ಲೇ ಬಂದೆ. ನಾನು ಹತ್ತಿದ್ರೆ ಕಾರು ಕೆಡುತ್ತಂತಲ್ಲ” ಎಂದು ಬಾಗಿಲಲ್ಲೇ ನಿಂತರು. ಚಿಕ್ಕಮ್ಮ ಸ್ಟೂಲು ಹಾಕಿ ನೀರು ಕೊಟ್ಟರು. ನೀರು ಕುಡಿದು ಅವರು ಮೆಲ್ಲಗೆ ಹೇಳಿದರು: “ನನಗೆ ಸೆಕೆ ಹೊಸದಲ್ಲಮ್ಮ. ಆದ್ರೆ ಗಾಳಿ ನಿಂತ ಕೂಡ್ಲೆ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡ್ಕೊಳ್ಳೋ ರೀತಿ ಇದೆಯಲ್ಲ, ಅದನ್ನ ಸಹಿಸೋಕಾಗಲ್ಲ. ಮಗಳ ಮನೆಗೆ ಹೋಗೋದೇ ಬಿಟ್ಟುಬಿಟ್ಟೆ.”

ಚಿಕ್ಕಪ್ಪನ ನಗು ಅವತ್ತಿಗೆ ನಿಂತಿತು.

ಅತ್ತೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಎ.ಸಿ. ಹಾಕಿದರು. ಕಾಲು ಗಂಟೆಯಾದರೂ ಗಾಳಿ ಬರುತ್ತಲೇ ಇತ್ತು. ಅತ್ತೆಯವರು ಫೋಟೋಕ್ಕೆ ಕೂತವರ ಹಾಗೆ ಅಲುಗಾಡದೆ ಕೂತಿದ್ದರು.

“ನಿಂತ ಕಾರಲ್ಲಿ ಏನು ಗೊತ್ತಾಗುತ್ತೆ? ಓಡಿಸಿ ನೋಡಿ” ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಯಾಕೋ ಗಂಟಲು ಸರಿ ಮಾಡಿಕೊಂಡು, “ಡಾಕ್ಟರೇ, ನೀವೇ ಓಡಿಸಿ” ಎಂದರು. ಫ್ಯಾನಿನ ವೈರಿಗೆ ಉದ್ದನೆಯ ತಂತಿ ಸಿಕ್ಕಿಸಿ, ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಹೊರಡುವ ಮೊದಲು ಅತ್ತೆಯವರು ತಮ್ಮ ಸೀಟನ್ನು ಗರಗರನೆ ಮುಂದಕ್ಕೆಳೆದು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. “ರಸ್ತೆ ಕಾಣಬೇಕಲ್ಲ!”

ಆಮೇಲಿನ ಕಥೆಯನ್ನು ಚಿಕ್ಕಪ್ಪ ಈಗಲೂ ಕೈಕಾಲು ಆಡಿಸಿಯೇ ಹೇಳುವುದು. ಜನರ ಬಾಯಲ್ಲಿ ಅಷ್ಟು ನಾಜೂಕಾಗಿ ಕೈಯಾಡಿಸುವ ಆ ಡಾಕ್ಟರು, ಸ್ಟಿಯರಿಂಗ್ ಹಿಡಿದರೆ ಬೇರೆಯೇ ಮನುಷ್ಯ. ಸಂದಿ ಕಂಡಲ್ಲಿ ನುಗ್ಗುವುದು, ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗುವುದು. ಮುಂದೊಂದು ಬಸ್ಸು ನಿಂತಿತ್ತು. ಡಾಕ್ಟರು ಮಾತಾಡುತ್ತಲೇ ಇದ್ದರು, ಬಸ್ಸಿನ ಹಿಂಭಾಗ ದೊಡ್ಡದಾಗುತ್ತಲೇ ಇತ್ತು. ಕೊನೇ ಗಳಿಗೆಯಲ್ಲಿ ಕಾರು ಕಿರ್ ಎಂದು ನಿಂತಿತು. ಅದಕ್ಕೂ ಒಂದು ಚಿಟಿಕೆ ಮೊದಲು ಮೀಟರಿನ ಅಂಕಿ ಸೊನ್ನೆಗಿಳಿದು ಗಾಳಿ ಬಂದ್ ಆಗಿತ್ತು.

ಚಿಕ್ಕಪ್ಪ ಬಗ್ಗಿ ನೋಡಿದರು. ಅತ್ತೆಯವರ ಬಲಗಾಲು ನೀಟಾಗಿ ಚಾಚಿಕೊಂಡು, ಡ್ಯಾಶ್‌ಬೋರ್ಡಿನ ಕೆಳಗಿನ ಕಾರ್ಪೆಟ್ಟನ್ನು ಜೋರಾಗಿ ಒತ್ತಿಕೊಂಡಿತ್ತು.

“ಅಮ್ಮಾ, ನಿಮ್ಮ ಕಾಲು ಅಲ್ಲೇನು ಮಾಡ್ತಿದೆ?”

“ಬ್ರೇಕ್ ಹಾಕ್ತಿದೆ!”

“ಅಲ್ಲಿ ಬ್ರೇಕ್ ಇಲ್ಲವಲ್ಲ?”

“ಇವರಿಗೆ ಇದ್ದೂ ಹಾಕ್ತಿಲ್ಲವಲ್ಲ!”

ಅತ್ತೆಯವರು ರಿಟೈರ್ ಆಗುವವರೆಗೂ ಡ್ರೈವಿಂಗ್ ಸ್ಕೂಲಿನಲ್ಲಿ ಟೀಚರಾಗಿದ್ದವರು. ಕಲಿಸುವ ಕಾರಿನಲ್ಲಿ ಟೀಚರ ಕಾಲಿಗೂ ಒಂದು ಬ್ರೇಕ್ ಇರುತ್ತದೆ. ಕೆಲಸ ಬಿಟ್ಟರೂ ಕಾಲು ಕೆಲಸ ಬಿಟ್ಟಿರಲಿಲ್ಲ, ಅದು ಅವರಿಗೇ ಗೊತ್ತಿರಲಿಲ್ಲ. ಇನ್ನೊಂದು ಮಾತನ್ನು ಚಿಕ್ಕಪ್ಪ ಚಿಕ್ಕಮ್ಮನಿಗೆ ಮಾತ್ರ ಹೇಳಿದ್ದು: ಆ ಬಸ್ಸು ಎದುರಾದಾಗ ಹಿಂದಿನ ಸೀಟಿನಲ್ಲಿ ತಮ್ಮ ಕಾಲೂ ನೆಲವನ್ನು ಒತ್ತಿಕೊಂಡಿತ್ತಂತೆ.

ಕಾರನ್ನು ಮರದ ನೆರಳಿಗೆ ಹಾಕಿಸಿ, ಚಿಕ್ಕಪ್ಪ ತಲೆಕೆಳಗಾಗಿ ಒಳಗೆ ನುಸುಳಿ ಕಾರ್ಪೆಟ್ ಎತ್ತಿದರು. ಅದರ ಹಿಂದೆಯೇ ಫ್ಯಾನಿನ ಪ್ಲಗ್ಗು. ಅದರಲ್ಲೊಂದು ಪಿನ್ನು ಬಿಸಿಗೆ ಸುಟ್ಟು ಕಪ್ಪಾಗಿ ಸಡಿಲವಾಗಿತ್ತು. ಕಾರ್ಪೆಟ್ ಒತ್ತಿದರೆ ವೈರು ಎಳೆದು ಪಿನ್ನು ಜಾರುವುದು. ಗುಂಡಿಯಲ್ಲಿ ಕಾರು ಕುಲುಕಿದರೆ ಮತ್ತೆ ಕೂಡಿಕೊಳ್ಳುವುದು. ಡಾಕ್ಟರ ಹೆಂಡತಿ ಸೀಟನ್ನು ಹಿಂದೆ ತಳ್ಳಿ ಫೋನು ನೋಡುತ್ತ ಕೂರುವವರು, ಅವರ ಕಾಲು ಅಲ್ಲಿಗೆ ಮುಟ್ಟುವುದೇ ಇಲ್ಲ. ಶೆಡ್ಡಿನಲ್ಲಿ ನಿಂತಿದ್ದ ಕಾರಿಗೆ ಯಾರು ಬ್ರೇಕ್ ಹಾಕುತ್ತಾರೆ?

ಶೆಡ್ಡಿಗೆ ಬಂದ ಮೇಲೆ, ಅಲ್ಲಿ ಕಾಯುತ್ತಿದ್ದ ಮಗಳಿಗೆ ಅತ್ತೆಯವರೇ ತೀರ್ಪು ಕೊಟ್ಟರು: “ಅಳಿಯಂದ್ರದು ತಪ್ಪಿಲ್ಲ ಕಣೇ. ಗಾಳಿ ನಿಲ್ಲಿಸ್ತಿದ್ದವಳು ನಾನೇ.” ಒಂದು ಉಸಿರು ಬಿಟ್ಟು ಸೇರಿಸಿದರು: “ನಿಲ್ಲಿಸೋ ಹಾಗೆ ಮಾಡ್ತಿದ್ದವರು ಅವರು.”

ಮಗಳು ಮೊದಲು ಅಮ್ಮನ ಶೂ ನೋಡಿದರು, ಆಮೇಲೆ ಗಂಡನ ಮುಖ ನೋಡಿದರು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು. “ನೀರು ಬೇಕಾ?” ಎಂದು ಗಂಡನನ್ನು ನೇರವಾಗಿ ಕೇಳಿದರು. ಬೇಕಿತ್ತೋ ಇಲ್ಲವೋ, ಡಾಕ್ಟರು ಗಟಗಟನೆ ಲೋಟ ಖಾಲಿ ಮಾಡಿದರು.

ಚಿಕ್ಕಪ್ಪ ಹೊಸ ಪಿನ್ನು ಹಾಕಿ, ವೈರನ್ನು ಯಾರ ಕಾಲಿಗೂ ಸಿಗದಷ್ಟು ಮೇಲಕ್ಕೆ ಕಟ್ಟುತ್ತಿದ್ದರು. ಆಗ ಅತ್ತೆಯವರು ಕೇಳಿದರು: “ಅಲ್ಲ, ಮೊದಲ ದಿನವೇ ನೀವು ಹೀಗೆ ರಸ್ತೇಲಿ ಓಡಿಸಿ ನೋಡಿದ್ರೆ ಆಗ್ತಿತ್ತಲ್ಲ?”

ಚಿಕ್ಕಪ್ಪ ವೈರು ಕಟ್ಟುತ್ತಲೇ ಇದ್ದರು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದರು.

“ಅವರಿಗೆ ಕಾರು ಓಡಿಸೋಕೆ ಬರಲ್ಲ” ಎಂದರು ಚಿಕ್ಕಮ್ಮ. ಮನೆಯವರಿಗಲ್ಲದೆ ಬೇರೆ ಯಾರಿಗೂ ಗೊತ್ತಿರದ ಸಂಗತಿ ಅದು. ಶೆಡ್ಡಿನೊಳಗೆ ಒಂದಡಿ ಹಿಂದೆ, ಒಂದಡಿ ಮುಂದೆ ಮಾಡುವುದಷ್ಟೇ ಅವರ ಡ್ರೈವಿಂಗು.

ಅತ್ತೆಯವರ ಬೆನ್ನು ಇನ್ನಷ್ಟು ನೆಟ್ಟಗಾಯಿತು. “ಭಾನುವಾರ ಬೆಳಿಗ್ಗೆ ತಯಾರಾಗಿರಿ” ಎಂದರು. ಅಳಿಯನ ಕಡೆ ತಿರುಗಿ, “ನೀವೂ” ಎಂದರು.

ಆಮೇಲೆ ಭಾನುವಾರಗಳಂದು ಊರಾಚೆಯ ಖಾಲಿ ಮೈದಾನದಲ್ಲಿ ಇಬ್ಬರಿಗೂ ಪಾಠ ನಡೆಯಿತು. ಡಾಕ್ಟರಿಗೆ ಬ್ರೇಕನ್ನು ಮೊದಲೇ ಹಾಕುವುದು, ಚಿಕ್ಕಪ್ಪನಿಗೆ ಎಲ್ಲವೂ ಮೊದಲಿನಿಂದ. ಚಿಕ್ಕಪ್ಪ ಕ್ಲಚ್ ಬಿಟ್ಟಾಗಲೆಲ್ಲ ಕಾರು ಮೊಲದ ಹಾಗೆ ಕುಪ್ಪಳಿಸಿ ನಿಲ್ಲುತ್ತಿತ್ತು. ಅದಕ್ಕೆ ಯಾವ ವೈರು ಕಾರಣ ಎಂದು ಅವರು ಇಳಿದು ಬಾನೆಟ್ ತೆರೆಯಲು ಹೊರಟಾಗ ಅತ್ತೆಯವರು ಅಂಗಿ ಹಿಡಿದು ವಾಪಸ್ ಕೂರಿಸಿದರಂತೆ.

“ಕಾರಿಗೇನೂ ಆಗಿಲ್ಲ. ತಪ್ಪು ನಿಮ್ಮ ಕಾಲಿನದು. ಈ ವಿಷಯದಲ್ಲಿ ನಿಮಗಿಂತ ನಮ್ಮ ಅಳಿಯಂದ್ರೇ ವಾಸಿ.”

ಮದುವೆಯಾದ ಮೇಲೆ ಅತ್ತೆಯ ಬಾಯಿಂದ ಡಾಕ್ಟರು ಕೇಳಿದ ಮೊದಲ ಹೊಗಳಿಕೆ ಅದು. ಅಲ್ಲೇ ಮೈದಾನದ ಮೂಲೆಗೆ ಹೋಗಿ ಹೆಂಡತಿಗೆ ಫೋನ್ ಮಾಡಿ, ಆ ಮಾತನ್ನು ಒಂದಕ್ಷರ ಬಿಡದೆ ಎರಡು ಸಲ ಹೇಳಿದರು.