ಅಟ್ಟದ ಮೇಲಿನ ಬಿದಿರು

ಮೊನ್ನೆ ಶ್ರೀರಂಗಪಟ್ಟಣದ ನಮ್ಮ ಬಾಡಿಗೆ ಮನೆಗೆ ಮಗಳ ಹೆಸರಿನಲ್ಲಿ ಉದ್ದನೆಯ ಡಬ್ಬವೊಂದು ಕೊರಿಯರಿನಲ್ಲಿ ಬಂತು. ಅವಳ ಶಾಲೆಯಲ್ಲಿ ಈ ವರ್ಷ ಬಿಲ್ಲುಗಾರಿಕೆ ಹೇಳಿಕೊಡಲು ಶುರುಮಾಡಿದ್ದಾರೆ. ಹೊಸದಾಗಿ ಕಲಿಯುವವರಿಗೆ ಬೇಕಾದದ್ದೆಲ್ಲ ಆ ಒಂದೇ ಡಬ್ಬದಲ್ಲಿತ್ತು: ಮೂರು ತುಂಡಾಗಿ ಬಿಚ್ಚಿ ಜೋಡಿಸುವ ಬಿಲ್ಲು, ಆರು ಬಾಣ, ಮುಂಗೈಗೆ ಕಟ್ಟುವ ಪಟ್ಟಿ, ಮೂರು ಬೆರಳಿನ ಕೈಗವಸು, ಜೊತೆಗೆ ಲಿಪ್‌ಸ್ಟಿಕ್ಕಿನ ಹಾಗಿದ್ದ ಒಂದು ಮೇಣದ ಕಡ್ಡಿ. ಮಗಳು ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಜೋಡಿಸಿಕೊಂಡು ಮಹಡಿ ಹತ್ತಿದಳು. ನಾನು ಉಳಿದ ಕಾಗದ, ಪ್ಲಾಸ್ಟಿಕ್ಕು ಗುಡಿಸುತ್ತ ಆ ಮೇಣದ ಮುಚ್ಚಳ ತೆಗೆದು ಮೂಸಿದೆ. ಜೇನುಮೇಣ. ಪೊರಕೆ ಕೈಯಲ್ಲೇ ಉಳಿಯಿತು. ನಿಮಗೂ ಅಂಥದ್ದೊಂದು ವಾಸನೆ ಇರಬಹುದು, ಮೂಗಿಗೆ ಬಿದ್ದ ಕೂಡಲೇ ಈಗ ಇಲ್ಲದ ಒಂದು ಮನೆಯ ಬಾಗಿಲು ತೆಗೆದು ಒಳಗೆ ಕರೆಯುವಂಥದ್ದು. ನನ್ನದು ಕ್ಯಾತನಹಳ್ಳಿಯಲ್ಲಿದ್ದ ನಮ್ಮ ತಾತನ ಮನೆ.

ಅದು ಮರಗೆಲಸದವರ ಮನೆ. ಬೀದಿಗೆ ತೆರೆದುಕೊಂಡ ಚಪ್ಪರದಲ್ಲಿ ತಾತ, ಚಿಕ್ಕಪ್ಪ ಕೆಲಸಕ್ಕೆ ಕೂರುತ್ತಿದ್ದರು. ಉಜ್ಜುಗೊರಡಿನ ಹೊಟ್ಟು ನಡುಮನೆಯವರೆಗೂ ಹಾರಿಬರುತ್ತಿತ್ತು, ನನ್ನವ್ವ ದಿನಕ್ಕೆ ಮೂರು ಸಲ ಗುಡಿಸಿ ಮೂರು ಸಲವೂ ಬಯ್ಯುತ್ತಿದ್ದಳು. ಆ ಹೊತ್ತಿಗಾಗಲೇ ಟ್ರಾಕ್ಟರುಗಳು ಬಂದು ಮರದ ಗಾಡಿ ಕೇಳುವವರು ಕಡಿಮೆಯಾಗಿದ್ದರು. ಬಾಗಿಲು, ಕಿಟಕಿ, ಮಂಚ ಅಂತ ಕೆಲಸ ಹೇಗೋ ನಡೆಯುತ್ತಿತ್ತು. ಅಡುಗೆಮನೆಯ ಒಲೆಯ ಮೇಲುಗಡೆ ಒಂದು ಅಟ್ಟ. ಹಸಿ ಮರ, ಬಿದಿರು ಎಲ್ಲ ಅಲ್ಲಿ ಹೊಗೆ ಕುಡಿಯುತ್ತ ಮಲಗಿರುತ್ತಿದ್ದವು. ನಮ್ಮ ಕಡೆ ತಾತನನ್ನು ಬಹುವಚನದಲ್ಲಿ ಕರೆಯುವ ರೂಢಿಯಿಲ್ಲ, ಹಾಗೆ ಬರೆದರೆ ಯಾರೋ ಬೇರೆಯವರ ತಾತನ ಬಗ್ಗೆ ಬರೆದಂತೆ ಅನ್ನಿಸುತ್ತದೆ. ಪ್ರಾಯದಲ್ಲಿ ಅವನು ನಾಗಮಂಗಲದ ಕಡೆಯ ಕುರುಚಲು ಗುಡ್ಡಗಳಿಗೆ ಬಿಲ್ಲು ಹಿಡಿದು ಬೇಟೆಗೆ ಹೋದವನು. ಒಂದು ಸಲ ಹೊಡೆದ ಮೊಲದ ಹೊಟ್ಟೆಯಲ್ಲಿ ಮರಿಗಳಿದ್ದವಂತೆ. ಅವತ್ತು ವಾಪಸು ಬರುವಾಗ ಬಿಲ್ಲನ್ನು ನಾಲೆಗೆ ಎಸೆದು ಬರಿಗೈಯಲ್ಲಿ ಮನೆಗೆ ಬಂದನಂತೆ. ಬೇಟೆ ಕೂಡದು ಎಂದು ಸರ್ಕಾರ ಹೇಳಿದ್ದು ಆಮೇಲೆ ಅವನ ಕಿವಿಗೆ ಬಿತ್ತು. ಈ ಕತೆಯನ್ನು ಹೇಳುತ್ತಿದ್ದವಳು ಅವ್ವ. ತಾತ ಅದರ ಬಗ್ಗೆ ಬಾಯಿ ಬಿಟ್ಟವನಲ್ಲ.

ನನಗೆ ಹನ್ನೊಂದು ತುಂಬಿದ ವರ್ಷ ಬಿಲ್ಲಿನ ಹುಚ್ಚು ಹಿಡಿಯಿತು. ಯಾಕೆ ಹಿಡಿಯಿತು ಎಂದು ಈಗ ಕೇಳಿದರೆ ನನಗೂ ಗೊತ್ತಿಲ್ಲ. ಹಟ ಮಾತ್ರ ಚೆನ್ನಾಗಿ ನೆನಪಿದೆ, ಎರಡು ಹೊತ್ತು ಊಟ ಬಿಟ್ಟಿದ್ದೆ. ಕೊನೆಗೆ ತಾತ ಒಪ್ಪಿದ. ಎರಡು ಕಟ್ಟು ಹಾಕಿದ: ಜೀವವಿರುವ ಯಾವುದರ ಮೇಲೂ ಬಿಡುವಂತಿಲ್ಲ, ಮತ್ತೆ ಬಿಲ್ಲನ್ನು ನಾನೇ ಮಾಡಿಕೊಳ್ಳಬೇಕು. ಅವ್ವ ಮೂರನೆಯದೊಂದು ಸೇರಿಸಿದಳು. "ದೊಡ್ಡೋಳಾಗೋಗಂಟ ಆಡ್ಕೊ. ಆಮ್ಯಾಕೆ ಬಿಲ್ಲೂ ಇಲ್ಲ, ಬಾಣಾನೂ ಇಲ್ಲ, ಒಳೀಕ್ ಬಂದು ಒಲೆ ಮುಂದೆ ಕುಂತ್ಕಬೇಕು," ಅಂದಳು. ಮೈನೆರೆದರೆ ಮುಗಿಯಿತು ಎಂದು ಅದರರ್ಥ. ಆ ದಿನದಿಂದ ನನ್ನ ಮೈಯೇ ನನಗೆ ಗಡುವು ಕೊಟ್ಟ ಹಾಗಾಯಿತು.

ದೀಪಾವಳಿ ಕಳೆದ ಮೇಲೆ ತಾತ ನನ್ನನ್ನು ನಾಲೆಯಾಚೆಯ ಬಿದಿರು ಮೆಳೆಗೆ ಕರೆದೊಯ್ದ. ಮಳೆಗಾಲದ ಬಿದಿರಿಗೆ ಹುಳು ಬೀಳುತ್ತದೆ, ಚಳಿ ಹಿಡಿದ ಮೇಲೇ ಕಡಿಯಬೇಕು ಎನ್ನುವುದು ಅವನು ಮೀರದ ನಿಯಮ. ಹತ್ತಾರು ಗಳ ತಟ್ಟಿ ನೋಡಿ, ದಪ್ಪ ಗೋಡೆಯ ಒಂದನ್ನು ಆರಿಸಿ, ತುದಿ ಸೀಳಿದರೂ ನಡು ಉಳಿಯಲಿ ಎಂದು ಬಿಲ್ಲಿಗೆ ಬೇಕಾದದ್ದಕ್ಕಿಂತ ಎರಡು ಮೊಳ ಉದ್ದ ಬಿಟ್ಟು ಕತ್ತರಿಸಿದ. ಮನೆಗೆ ತಂದು ಕಾದ ಮೊಳೆಯಿಂದ ಬುಡದಲ್ಲಿ ಮೂರು ಚುಕ್ಕೆ ಸುಟ್ಟ. ಅದು ನನ್ನ ಗುರುತು. ನಮ್ಮ ಮನೆಯಲ್ಲಿ ಪ್ರತಿಯೊಬ್ಬರ ಉಳಿ, ಸುತ್ತಿಗೆ, ತೆಗೆದಿಟ್ಟ ಮರದ ಮೇಲೆ ಅವರವರ ಗುರುತಿರುತ್ತಿತ್ತು. ಗುರುತಿದ್ದದ್ದನ್ನು ಒಡೆಯನನ್ನು ಕೇಳದೆ ಯಾರೂ ಮುಟ್ಟುತ್ತಿರಲಿಲ್ಲ, ಹಿರಿಯರು ಕಿರಿಯರು ಎಂಬ ಭೇದ ಅದಕ್ಕಿರಲಿಲ್ಲ. ಮೂರು ಚುಕ್ಕೆ ನೋಡಿ ನಾನು ಬೀಗಿದ್ದು ಅಷ್ಟಿಷ್ಟಲ್ಲ. ಬಿದಿರು ಅಟ್ಟ ಸೇರಿತು. ಮುಂದಿನ ದೀಪಾವಳಿವರೆಗೆ ಮುಟ್ಟಕೂಡದು ಎಂದ.

"ಇನ್ನೊಂದ್ ವರ್ಸ ನಾನೇನ್ಲಾ ತಾತ ಮಾಡ್ಲಿ?" ಎಂದು ಅತ್ತೆ. ತಾತನಿಗೆ 'ಲಾ' ಹಚ್ಚಿದ್ದಕ್ಕೆ ಅವ್ವನಿಂದ ಬೆನ್ನಿಗೊಂದು ಬಿತ್ತು. ತಾತ ನಕ್ಕ. "ಬಿಲ್ಲು ಕಡೇಗ್ ಬತ್ತದೆ ಕಣಮ್ಮಿ. ಮೊದ್ಲು ಕೈ ಕಾಯ್ಕೊ, ಆಮ್ಯಾಕೆ ದಾರ, ಆಮ್ಯಾಕೆ ಬಾಣ," ಎಂದ. ಹಾಗೆಯೇ ಶುರುವಾಯಿತು. ದಾರ ಬಡಿದು ಎಡಮುಂಗೈ ಬಾತುಕೊಳ್ಳಬಾರದೆಂದು ಸತ್ತ ಎತ್ತಿನ ಕೊರಳಪಟ್ಟಿ ಕತ್ತರಿಸಿ ನನ್ನ ಅಳತೆಗೆ ಹೊಲಿದೆವು. ಸೆಣಬಿನ ನಾರನ್ನು ತೊಡೆಯ ಮೇಲೆ ಹೊಸೆದು ಹೆದೆ ಮಾಡುವುದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು, ತೊಡೆ ಕೆಂಪಗೆ ಉರಿಯುತ್ತಿತ್ತು. ಹೊಸೆದ ದಾರಕ್ಕೆ ಜೇನುಮೇಣ ತಿಕ್ಕಿ, ಬೆರಳಿನ ಬಿಸಿಯಿಂದಲೇ ಅದು ಎಳೆಎಳೆಗೆ ಇಳಿಯುವ ಹಾಗೆ ಹಿಂದಕ್ಕೂ ಮುಂದಕ್ಕೂ ಸವರಬೇಕಿತ್ತು. ನಾಲೆಯ ಏರಿಯಿಂದ ಗಟ್ಟಿ ಕಡ್ಡಿಗಳನ್ನು ಆರಿಸಿ ತಂದು, ಕರಟದ ಕೆಂಡದ ಮೇಲೆ ಬಿಸಿ ಮಾಡಿ, ಒಂದು ಕಣ್ಣು ಮುಚ್ಚಿ ನೋಡುತ್ತ ಡೊಂಕು ತಿದ್ದುತ್ತಿದ್ದೆವು. ಹುಂಜದ ಪುಕ್ಕ ಕಟ್ಟಿ, ತುದಿಗೆ ಬುಗುರಿಯಂಥ ಮೊಂಡು ಮರದ ತಲೆ ಸಿಕ್ಕಿಸಿ, ವರ್ಷದಲ್ಲಿ ಒಂಬತ್ತು ಬಾಣ ಮಾಡಿದೆ. ಕೈಗೆ ಕಸುವು ಬರಲಿ ಎಂದು ಚಪ್ಪರದ ಕಂಬಕ್ಕೆ ಸೈಕಲ್ ಟ್ಯೂಬು ಕಟ್ಟಿಕೊಟ್ಟಿದ್ದ. ಬೆಳಗ್ಗೆ ಎದ್ದು ಅದನ್ನು ಕೆನ್ನೆವರೆಗೆ ನಲವತ್ತು ಸಲ ಎಳೆದ ಮೇಲೇ ನನಗೆ ಕಾಫಿ.

ಗೌರಿಹಬ್ಬದ ಹೊತ್ತಿಗೆ ನನ್ನ ಓರಗೆಯ, ಎದುರು ಮನೆಯ ಹುಡುಗಿ ಮೈನೆರೆದಳು. ಅವಳನ್ನು ಕೂರಿಸಿ ಆರತಿ ಎತ್ತುವುದನ್ನು ನೋಡಿ ಬಂದು ನಾನು ಗಾಬರಿಬಿದ್ದೆ. ದೀಪಾವಳಿಗೆ ಇನ್ನೂ ಹತ್ತಿರ ಹತ್ತಿರ ಎರಡು ತಿಂಗಳಿತ್ತು. ಅಷ್ಟರಲ್ಲಿ ನನ್ನ ಸರದಿ ಬಂದುಬಿಟ್ಟರೆ? ಅದೇ ವಾರ ತಾತ ಬಾಗಿಲು ಕೂರಿಸಲು ಕೆ.ಆರ್.ಪೇಟೆ ಹತ್ತಿರದ ಮಾಕವಳ್ಳಿಗೆ ಹೋದ, ನಾಲ್ಕು ದಿನದ ಕೆಲಸ. ಹೊಗೆಗಿಂತ ಬೆಂಕಿ ಬೇಗ ಒಣಗಿಸುತ್ತದೆ ಎಂದು ನನ್ನ ಬುದ್ಧಿಗೆ ಹೊಳೆಯಿತು. ಅವ್ವ ಕಬ್ಬಿನ ಗದ್ದೆಯ ಕಳೆಗೆ ಹೋಗಿದ್ದಾಗ ಏಣಿ ಹತ್ತಿ, ಬಿದಿರನ್ನು ಎಳೆದು, ಒಲೆ ಉರಿಸಿ ಅದರ ನೇರಕ್ಕೆ ಕೆಳಗೆ ತೂಗುಹಾಕಿದೆ. ಅವಳು ಬರುವ ಮುಂಚೆ ಮತ್ತೆ ಮೇಲೆ. ಮೂರು ದಿನ ಹೀಗೆ ಮಾಡಿದೆ. ಮುಟ್ಟಿದರೆ ಬಿಸಿಯಾಗಿರುತ್ತಿತ್ತು, ಹಗುರಾದಂತೆಯೂ ಅನ್ನಿಸುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ತಾತ ಬಂದ. ಮಾರನೆಯ ದಿನ ಅಟ್ಟ ಹತ್ತಿ ಇಳಿದ. ಏಣಿಯನ್ನು ಚಪ್ಪರಕ್ಕೆ ಒಯ್ದು ತನ್ನ ಕಣ್ಣೆದುರು ಒರಗಿಸಿಕೊಂಡ. ದೀಪಾವಳಿ ಬಂತು, ಹೋಯಿತು. ನಾನು ಹೋಗಿ ನಿಂತೆ. "ಇನ್ನೂ ಒಸಿ ದಿನ ಆಗ್ಲಿ," ಎಂದ. ವಾರ ಬಿಟ್ಟು ಕೇಳಿದೆ. "ಒಣಗಿಲ್ಲ ಕಣಮ್ಮಿ, ತಡ್ಕೊ," ಎಂದ. ಎಷ್ಟು ದಿನ ಎಂದರೆ ಸರಿಯಾಗಿ ಹೇಳಲೊಲ್ಲ, ಮುಖ ತಿರುಗಿಸಿ ಉಳಿ ಮಸೆಯುತ್ತಾನೆ. ಅವ್ವನ ಮಾತು ಕೇಳಿಕೊಂಡು ನನ್ನನ್ನು ಆಟ ಆಡಿಸುತ್ತಿದ್ದಾನೆ ಎಂದುಕೊಂಡೆ. ಚಿಕ್ಕಪ್ಪನ ಎದುರಿಗೇ ಅಂದುಬಿಟ್ಟೆ: "ನಿಂಗೆ ಬಿಲ್ಲು ಮಾಡಕೇ ಬರಕಿಲ್ಲ. ಅದ್ಕೇ ಸುಳ್ ಯೋಳ್ತೀಯ. ನೀ ಸುಳ್ಳ." ತಾತನ ಕೈ ಸಾಣೆಕಲ್ಲಿನ ಮೇಲೆ ನಿಂತಿತು. "ಆಗ್ಲಿ ಬುಡವ್ವ," ಎಂದ ಅಷ್ಟೆ.

ಅದಾದ ಮೇಲೆ ಒಂಬತ್ತು ದಿನ ಅವನ ಜೊತೆ ಮಾತು ಬಿಟ್ಟೆ. ಬೆಳಗಿನ ಕಾಫಿಯನ್ನು ಚಪ್ಪರಕ್ಕೆ ಕೊಡುವುದು ನನ್ನ ಕೆಲಸವಾಗಿತ್ತು, ಅದನ್ನೂ ಅವ್ವನ ತಲೆಗೆ ಕಟ್ಟಿದೆ. ಟ್ಯೂಬು ಎಳೆಯಲಿಲ್ಲ. ಅವನು ಒಂದೆರಡು ಸಲ ನನ್ನ ಬಾಣಗಳನ್ನು ಕೈಯಲ್ಲಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತ, ನಾನು ಬರಲಿ ಎಂದು ಕಾದದ್ದನ್ನು ಕಿಟಕಿಯಿಂದ ಕಂಡೆ. ಹೋಗಲಿಲ್ಲ. ಹಟದಲ್ಲಿ ನಾನು ಅವನದೇ ಮೊಮ್ಮಗಳು. ಒಂಬತ್ತನೆಯ ದಿನ ಬೆಳಗ್ಗೆ ಕಾಫಿ ಕೊಡಲು ಹೋದ ಅವ್ವ ಲೋಟ ಕೈಬಿಟ್ಟು ಕೂಗಿಕೊಂಡಳು. ತಾತ ಕಂಬಕ್ಕೆ ಒರಗಿ ಕುಳಿತಂತೆಯೇ ಹೋಗಿಬಿಟ್ಟಿದ್ದ.

ನೆಂಟರು ಸೇರುವಷ್ಟರಲ್ಲಿ ಹೊತ್ತು ವಾಲಿತ್ತು, ಮುಳುಗುವ ಮುಂಚೆ ಎತ್ತಬೇಕಿತ್ತು. ಚಟ್ಟಕ್ಕೆ ಎರಡು ಗಳ ಬೇಕು, ಒಂದು ಪಕ್ಕದ ಹಿತ್ತಲಲ್ಲಿ ಸಿಕ್ಕಿತು. ಮೆಳೆಗೆ ಹೋಗಿಬರಲು ವೇಳೆಯಿಲ್ಲವೆಂದು ಚಿಕ್ಕಪ್ಪ ಅಟ್ಟ ಹತ್ತಿ ಕೈಗೆ ಸಿಕ್ಕ ಎರಡು ಬಿದಿರನ್ನು ಕೆಳಗಿಳಿಸಿದ. ಮೊದಲನೆಯದು ಮಸಿ ಹಿಡಿದದ್ದು. ಪಕ್ಕದ ಮನೆಯ ಮುದುಕ ಸಣ್ಣಪ್ಪ ಅದನ್ನು ತಿರುಗಿಸಿದ. ಬೆಂಕಿಗೆ ಒಡ್ಡಿದ ಮಗ್ಗುಲಿನಲ್ಲಿ, ಮಸಿ ಮೆತ್ತಿ ನನ್ನ ಕಣ್ಣಿಗೆ ಬೀಳದಿದ್ದ ಕಡೆ, ಈ ಗಿಣ್ಣಿನಿಂದ ಆ ಗಿಣ್ಣಿಗೆ ನಡುವಿನಲ್ಲೇ ಸೀಳಿತ್ತು. "ಇದು ಆಗಕಿಲ್ಲ ಕಣ್ಲಾ. ಯಾರೋ ಉರೀಗಿಡ್ದು ಕೆಡ್ಸವ್ರೆ. ಚಟ್ಟಕ್ಕೆ ಹಸೀದು ಬೇಕು," ಎನ್ನುತ್ತ ಎರಡನೆಯದರ ಮೇಲೆ ಕುಡುಗೋಲಿನಿಂದ ಗೀರಿದ. ಸಿಪ್ಪೆಯಡಿ ಇನ್ನೂ ಹಸಿರಿತ್ತು. "ಇದ ಕಡ್ದು ಎಲ್ಡ್ ತಿಂಗ್ಳು ಆಗಿರ್ಬೋದು ಅಷ್ಟೆ. ಮಳೇಲಿ ಕಡ್ದವ್ನೆ, ಹುಳ ಬೀಳ್ದಂಗೆ ಬೇವಿನೆಣ್ಣೆ ಸವ್ರವ್ನೆ. ಇವ್ನ್ಯಾಕಪ್ಪ ಇಂಗ್ ಮಾಡ್ದ, ಮಳೇಲಿ ಬಿದಿರು ಮುಟ್ಟೋನಲ್ಲ," ಎಂದ. ಅದರ ಬುಡದಲ್ಲಿ ಮೂರು ಚುಕ್ಕೆಗಳಿದ್ದವು.

ನಾನು ಕಂಬ ಹಿಡಿದುಕೊಂಡೆ. ನಾನು ಬಿದಿರು ಕೆಡಿಸಿದ್ದು ಎರಡು ತಿಂಗಳಿಗೂ ಮೇಲಿಂದ ಅವನಿಗೆ ಗೊತ್ತಿತ್ತು. ಮಳೆಯಲ್ಲಿ ನಾಲೆ ದಾಟಿ, ತನ್ನ ನಿಯಮ ತಾನೇ ಮುರಿದು, ನನಗೆ ಬೇರೊಂದು ತಂದು ಮಲಗಿಸಿ, ಅದರ ವರ್ಷವನ್ನು ಮೊದಲಿಂದ ಎಣಿಸುತ್ತಿದ್ದ. ನಾನು 'ಸುಳ್ಳ' ಎಂದಾಗಲೂ ಬಾಯಿ ಬಿಡಲಿಲ್ಲ. ಚಿಕ್ಕಪ್ಪ ಬಿದಿರು ಹಿಡಿದು ಹೆಂಗಸರ ನಡುವೆ ಬಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಕಣ್ಣೆಲ್ಲ ಊದಿತ್ತು. ಅಂಗಳದಲ್ಲಿ ತನ್ನಪ್ಪನ ಹೆಣ ಇಟ್ಟುಕೊಂಡೂ ಅವನು ಮನೆಯ ಕ್ರಮ ಬಿಡಲಿಲ್ಲ.

"ನಿನ್ ಗುರ್ತದೆ ಕಣವ್ವ ಇದ್ರ ಮ್ಯಾಲೆ. ಕೊಟ್ಟೀಯಾ?" ಎಂದು ಕೇಳಿದ.

ಪಕ್ಕದಲ್ಲಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, "ಮೊಗ ದೊಡ್ಡೋಳಾದ್ರೂವೆ ಬಿಲ್ಲು ಕಿತ್ಕಬ್ಯಾಡ, ಇನ್ನೊಂದ್ ವರ್ಸ ಬುಡು ಅಂತ ನನ್ತಾವ ಮಾತ್ ತಕ್ಕಂಡಿದ್ದ ಕಣೆ," ಎಂದು ಅತ್ತಳು. ನಾನು ಕೊಡ್ತೀನಿ ಎಂದೆ. ಒಂಬತ್ತು ದಿನದಲ್ಲಿ ತಾತನಿಗಾಗಿ ಆಡಿದ ಮೊದಲ ಮಾತು ಅದು, ಕೇಳಿಸಿಕೊಳ್ಳಲು ಅವನಿರಲಿಲ್ಲ.

ಆ ಮನೆ ಪಾಲಾಗಿ, ಕೆಡವಿ, ಅಲ್ಲೀಗ ಟ್ರಾಕ್ಟರು ಬಿಡಿಭಾಗದ ಅಂಗಡಿ ಇದೆ. ಅವ್ವನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ನಾನು ಮತ್ತೆ ಬಿಲ್ಲು ಕೇಳಲಿಲ್ಲ, ಯಾರೂ ಬೇಡ ಎಂದಿರಲಿಲ್ಲ. ನಾಲ್ವರು ಹೆಗಲು ಕೊಟ್ಟು ಅವನನ್ನು ಬೀದಿಗಿಳಿಸಿದಾಗ ಆ ಹಸಿ ಬಿದಿರು ಸ್ವಲ್ಪ ಬಾಗಿತು, ಮುರಿಯಲಿಲ್ಲ. ಬದುಕಿನಲ್ಲಿ ತಾತನಿಗೆ ನಾನು ಕೊಟ್ಟ ಒಂದೇ ಒಂದು ವಸ್ತು ಅದು. ಅದನ್ನೂ ನನಗಾಗಿ ತಂದಿಟ್ಟಿದ್ದವನು ಅವನೇ.